ಸಂಜಯನಗರದ ಬಂಗುಡೆ ವಾಸನೆ

ಸಂಜಯನಗರದ ಗಲ್ಲಿಯೊಂದರಲ್ಲಿ ದಾರಿ ತಪ್ಪಿದ್ದೆ. ಬಂಗುಡೆ ಹುರಿಯುವ ವಾಸನೆ ಮೂಗಿಗೆ ಬಡಿಯಿತು. ಅದನ್ನೇ ಹಿಡಿದು ಹೋದರೆ, ಹೊಲಿಗೆ ಅಂಗಡಿಯ ಹಿಂದೆ ಬೋರ್ಡೂ ಇಲ್ಲದ ಮೀನೂಟದ ಹೋಟೆಲ್. ಗೋಡೆ ತುಂಬ ಮೀನಿನ ಚಿತ್ರಗಳು. ಆದರೆ ಊಟಕ್ಕೆ ಕೂತಿದ್ದ ಹತ್ತೂ ಜನರ ತಟ್ಟೆಯಲ್ಲಿ ಬರೀ ಅನ್ನ, ಬೇಳೆಸಾರು! ನನಗೆ ತಲೆಬುಡ ಅರ್ಥವಾಗಲಿಲ್ಲ.

"ಮೀನಿಲ್ವಾ?" ಎಂದೆ, ಕೂರುತ್ತ.

"ಶ್ರಾವಣ ಶನಿವಾರ ಕಣ್ರೀ, ಇವತ್ತು ಯಾರ್ ತಿಂತಾರೆ?" ಬಡಿಸುತ್ತಿದ್ದ ಹೆಂಗಸು ಗದರಿದರು.

"ಮತ್ತೆ ಈ ವಾಸನೆ?"

ಅವರು ಮೂಲೆಯಲ್ಲಿದ್ದ ಬೆಕ್ಕಿನತ್ತ ಸೌಟು ತೋರಿಸಿದರು. "ಅದಕ್ಕೆಲ್ಲಿ ಶನಿವಾರ? ಮಸಾಲೆ ಹಾಕಿ ಹುರೀದೇ ಇದ್ರೆ ಮೂಸಿ ಕೂಡ ನೋಡಲ್ಲ."

ನನಗೂ ಶನಿವಾರವಿಲ್ಲ ಎಂದು ಹೇಳಬೇಕು ಎನ್ನುವಷ್ಟರಲ್ಲಿ ನನ್ನ ಮುಂದೆಯೂ ಅನ್ನದ ತಟ್ಟೆ ಬಂದು, ಅದಕ್ಕೆ ಸಾರು ಬಿತ್ತು. ಹತ್ತೂ ಜನ ಬೆಕ್ಕನ್ನೇ ನೋಡುತ್ತ ಉಣ್ಣುತ್ತಿದ್ದರು. ನಾನು ಹನ್ನೊಂದನೆಯವನಾದೆ.