ಹಾಡು ಬಿಟ್ಟು ಪಟ್ಟಿ ಉಳಿಸಿಕೊಂಡದ್ದು

ನನ್ನ ಕಿವಿ ಹೋಗುತ್ತಿದೆ ಎಂದು ಮೊದಲು ಕಂಡುಹಿಡಿದವರು ಡಾಕ್ಟರಲ್ಲ, ನಮ್ಮ ಅತ್ತೆ. ಅದೂ ಕೊಬ್ಬರಿ ಅಟ್ಟದ ಮೇಲೆ.

ತುರುವೇಕೆರೆಯಿಂದ ಮಾಯಸಂದ್ರಕ್ಕೆ ಹೋಗುವ ರಸ್ತೆಯ ಪಕ್ಕ ನಮ್ಮ ತೋಟ, ತೋಟದೊಳಗೇ ಮನೆ. ಬಲಿತ ತೆಂಗಿನಕಾಯಿಗಳನ್ನು ಮೇಲಿನ ನಾರುಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಕುಲುಕುವುದು ಕೇಳುತ್ತದೆ. ಕೊಬ್ಬರಿಯಾಗಿದ್ದರೆ ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಅನ್ನುತ್ತದೆ. ಎರಡರ ನಡುವೆ ಸ್ವಲ್ಪ ಕಾಲ ಯಾವ ಸದ್ದೂ ಇರುವುದಿಲ್ಲ. ಅಂಥ ಕಾಯನ್ನು ಮತ್ತೆ ಅಲ್ಲೇ ಇಟ್ಟು ಕಾಯಬೇಕು.

ಅತ್ತೆ ಕಲಿಸಿ, ಆಮೇಲೆ ನನಗೇ ಬಿಟ್ಟುಕೊಟ್ಟ ಕೆಲಸ ಇದು. ಆ ವರ್ಷ ಅಟ್ಟ ಹತ್ತಿ ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿದೆ. ಯಾವುದರಲ್ಲೂ ಸದ್ದಿಲ್ಲ. ಈ ಸಲ ಒಂದೂ ಆಗಿಲ್ಲ, ಇನ್ನೂ ಬಿಡಬೇಕು ಎಂದು ಕೆಳಗಿಳಿದು ಹೇಳಿದೆ. ನನ್ನ ಮಾತು ನಂಬಿ ನಮ್ಮ ಮನೆಯವರು ಕೊಬ್ಬರಿ ಬಿಡಿಸುವ ಹೆಂಗಸರಿಗೆ ಬರಬೇಡಿ ಎಂದು ಹೇಳಿ ಕಳಿಸಿಯೂ ಆಯಿತು. ಅತ್ತೆಗೆ ಮಾತ್ರ ನಂಬಿಕೆ ಬರಲಿಲ್ಲ. ಮಂಡಿನೋವಿನಲ್ಲೇ ಏಣಿ ಹತ್ತಿ ಬಂದು, ನಾನು ಪಕ್ಕಕ್ಕಿಟ್ಟಿದ್ದ ಕಾಯಿ ಎತ್ತಿ ಅಲ್ಲಾಡಿಸಿ, ನನ್ನ ಮುಖ ನೋಡಿದರು. ಇನ್ನೊಂದನ್ನು ಅಲ್ಲಾಡಿಸಿದರು. ಮೂರನೆಯದನ್ನು ನನ್ನ ಕಿವಿಗೇ ಹಿಡಿದರು.

"ಇಷ್ಟು ಲೊಟಗುಟ್ತೈತೆ, ಕೇಳಲ್ವೇನೇ ನಿಂಗೆ?"

ಕೇಳಲಿಲ್ಲ. ಅವರ ಮಾತು ಕೇಳಿತು, ಕಾಯಿಯ ಸದ್ದು ಕೇಳಲಿಲ್ಲ. ಅತ್ತೆ ಆಮೇಲೆ ನನ್ನ ಸೆರಗಿಗೆ ಅಂಟಿದ್ದ ನಾರನ್ನು ಬಿಡಿಸುತ್ತಾ ಕೂತರು. ನನಗೆ ಭಯವಾಯಿತು.

ತುಮಕೂರಿನ ಡಾಕ್ಟರು ಒಳಗಿನ ನರ ಸೊರಗುತ್ತಿದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದೂ ಕಮ್ಮಿಯಾಗುತ್ತದೆ ಅಂದರು. ಕಿವಿಗೆ ಮಿಷನ್ನು ಕೊಟ್ಟರು. ಎದುರಿಗೆ ಕೂತು ಮಾತಾಡಿದರೆ ಅದರಲ್ಲಿ ಮಾತು ಸಿಗುತ್ತದೆ. ಹಾಡು ಮೊದಲಿನ ಹಾಗೆ ಸಿಗಲಿಕ್ಕಿಲ್ಲ ಎಂದೂ ಅವರು ಹೇಳಿದ್ದರು. ಆ ಮಾತನ್ನು ನಾನು ತುಮಕೂರಿನಲ್ಲೇ ಬಿಟ್ಟು ಬಂದಿದ್ದೆ.

ಹಾಡಿನ ವಿಷಯ ಹೇಳಬೇಕು. ಕೆಲವು ವರ್ಷದ ಹಿಂದೆ ನಮ್ಮ ಮನೆಯವರು ನನ್ನ ಮೊಬೈಲಿಗೆ ಹಾಡಿನ ಆ್ಯಪ್ ಹಾಕಿಸಿ, ನಡುವೆ ಜಾಹೀರಾತು ಬಾರದಿರಲಿ ಎಂದು ತಿಂಗಳ ಚಂದಾ ಮಾಡಿಸಿದ್ದರು. ಬೇರೆ ಹೆಂಗಸರು ಧಾರಾವಾಹಿ ನೋಡುವ ಹೊತ್ತಿನಲ್ಲಿ ನಾನು ಪ್ಲೇಲಿಸ್ಟು ಮಾಡಿದೆ. ಬೆಳಗಿನದು, ಅಟ್ಟದ ಕೆಲಸದ್ದು, ಹೂ ಕಟ್ಟುವಾಗಿನದು, ಸುಮ್ಮನಿರುವಾಗಿನದು. ಯಾವ ಹಾಡಾದ ಮೇಲೆ ಯಾವುದು ಅನ್ನುವುದರಲ್ಲಿ ನಾನು ಬಲು ಹಟಮಾರಿ. ದೇವರನಾಮ ಮುಗಿದ ಕೂಡಲೇ ಕುಣಿತದ ಹಾಡು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಟ್ಟದಲ್ಲಿ ಸಿಗ್ನಲ್ ಸಿಗುವುದಿಲ್ಲವಾದ್ದರಿಂದ ಎಲ್ಲವನ್ನೂ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದೆ.

ಮಿಷನ್ನು ಬಂದ ಮೇಲೆ ಹಾಡು ಹಾಕಿ ನೋಡಿದೆ. ತಗಡಿನ ಮೇಲೆ ಜಲ್ಲಿ ಸುರಿದ ಹಾಗಿತ್ತು. ಹಾಡುತ್ತಿರುವುದು ಗಂಡೋ ಹೆಣ್ಣೋ ತಿಳಿಯಲಿಲ್ಲ. ಮಾರನೆಯ ದಿನ ನೋಡಿದೆ, ವಾರ ಬಿಟ್ಟು ನೋಡಿದೆ. ಆಮೇಲೆ ನೋಡುವುದನ್ನೇ ಬಿಟ್ಟೆ. ಆದರೆ ತಿಂಗಳು ತಿಂಗಳು ನಿಮ್ಮ ಚಂದಾ ಮುಂದುವರಿದಿದೆ, ಕೇಳಿ ಆನಂದಿಸಿ ಎಂದು ಮೆಸೇಜು ಬರುತ್ತಲೇ ಇತ್ತು. ಒಂದು ಸಲ ಅದನ್ನು ಓದಿ ಮೊಬೈಲನ್ನು ರಾಗಿಹಿಟ್ಟಿನ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿದೆ. ರೊಟ್ಟಿ ತಟ್ಟಲು ಹಿಟ್ಟು ತೆಗೆಯುವಾಗ ಅತ್ತೆಗೆ ಸಿಕ್ಕಿತು. ಅವರು ಒರೆಸಿ ತಂದು ನನ್ನ ಪಕ್ಕದಲ್ಲಿಟ್ಟರು.

ಆ ಮಧ್ಯಾಹ್ನ ಮೊಬೈಲಿನ ಮೂಲೆಮೂಲೆಯ ಹಿಟ್ಟು ತೆಗೆಯುತ್ತಾ ಅಟ್ಟದ ಹಾಡಿನ ಪಟ್ಟಿಯನ್ನು ಸುಮ್ಮನೆ ತೆರೆದೆ. ಮೊದಲ ಹಾಡಿನ ಹೆಸರು ಓದಿದೆ. ಓದುತ್ತಿದ್ದ ಹಾಗೆಯೇ ತಲೆಯೊಳಗೆ ಕೊಳಲು ಶುರುವಾಯಿತು, ಆಮೇಲೆ ದನಿ, ಪಲ್ಲವಿ, ಚರಣ. ಎಲ್ಲೂ ಜಲ್ಲಿಯಿಲ್ಲ. ಅದು ಮುಗಿಯುತ್ತಾ ಬಂದಾಗ ಎರಡನೆಯದು ತಾನಾಗಿಯೇ ಬಂದು ನಿಂತಿತು, ಯಾಕೆಂದರೆ ಅಷ್ಟು ವರ್ಷ ಅದರ ಬೆನ್ನಿಗೆ ಇದೇ ಬಂದಿತ್ತು. ಇಡೀ ಪಟ್ಟಿಯನ್ನು ಓದಿ ಮುಗಿಸಿ ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಕ್ಕಿತಲ್ಲ ಎಂದು.

ಅವತ್ತೇ ತೀರ್ಮಾನ ಮಾಡಿದೆ. ಚಂದಾ ಬೇಡ, ಪಟ್ಟಿ ಬೇಕು. ಅದೇ ಹಾಡುಗಳು, ಅದೇ ಸಾಲು. ಸಾಲು ಕೆಟ್ಟರೆ ನನ್ನ ತಲೆಯೊಳಗಿನ ದಾರಿಯೂ ತಪ್ಪುತ್ತದೆ.

ಇವರಿಗೆ ಚಂದಾ ನಿಲ್ಲಿಸಲು ಮನಸ್ಸಿರಲಿಲ್ಲ. "ಇರ್ಲಿ ಬುಡು, ಮುಂದೆ ಸರಿಹೋದ್ರೆ ಬೇಕಾಗ್ತದೆ," ಅಂದರು.

"ಸರಿಹೋಗಲ್ಲ ಕಣ್ರೀ. ನೀವೂ ಕೇಳಿಸ್ಕೊಂಡಿದ್ದೀರಿ ಡಾಕ್ಟ್ರು ಹೇಳಿದ್ದನ್ನ."

ಅವರು ಬಾಗಿಲ ಕಡೆ ನೋಡುತ್ತಾ ನಿಂತರು. ಆಮೇಲೆ ಇತ್ತ ತಿರುಗಿ, "ಹಂಗಾರೆ ಆ್ಯಪೇ ತೆಗ್ದಾಕು, ತಾನಾಗೇ ನಿಲ್ತದೆ," ಅಂದರು.

ಭಾನುವಾರ ತಿಪಟೂರಿನಿಂದ ಮಗಳು ಬಂದಳು. ಅಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ, ದುಡ್ಡು ಕಟ್ಟಾಗುತ್ತಲೇ ಇರುತ್ತದೆ ಎಂದು ಅಪ್ಪನಿಗೆ ಹೇಳಿ, ನನ್ನ ಎದುರಿಗೆ ಬಂದು ಚಕ್ಕಂಬಕ್ಕಳ ಹಾಕಿ ಕೂತಳು.

"ಪಟ್ಟಿ ಎಲ್ಲೂ ಹೋಗಲ್ಲ ಕಣಮ್ಮ. ಚಂದಾ ನಿಲ್ಸೋದು ಬೇರೆ, ಅಕೌಂಟ್ ಅಳಿಸೋದು ಬೇರೆ. ಅಕೌಂಟ್ ಮಾತ್ರ ಮುಟ್ಟಬಾರ್ದು. ಆದ್ರೆ ಡೌನ್‌ಲೋಡ್ ಮಾಡಿದ್ದೆಲ್ಲ ಹೋಗುತ್ತೆ."

"ಅದ್ಯಾಕೆ ಹೋಗುತ್ತೆ? ನಾನೇ ಇಳಿಸಿಟ್ಟಿದ್ದಲ್ವೇನೇ?"

ನನ್ನ ಲೆಕ್ಕದಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ನಮ್ಮದು. ಅದನ್ನು ಬೇರೆಯವರು ಬಂದು ಇಳಿಸಿಕೊಂಡು ಹೋಗುವುದು ಎಲ್ಲಿಯಾದರೂ ಉಂಟೇ? ಇಷ್ಟು ವರ್ಷ ಹಾಗೆಂದೇ ತಿಳಿದಿದ್ದೆ. ಅದು ಬಾಡಿಗೆಗೆ ಇದ್ದಂಗೆ ಅಂದಳು ಮಗಳು.

"ಇನ್ನೊಂದು ವಿಷ್ಯ. ಚಂದಾ ಇಲ್ದೆ ಹಾಕಿದ್ರೆ ಹಾಡು ಹಿಂದುಮುಂದಾಗಿ ಬರುತ್ತೆ, ನಡುವೆ ಜಾಹೀರಾತೂ ಬರುತ್ತೆ. ನೋಡೋಕೆ ಮಾತ್ರ ಪಟ್ಟಿ ನೀನು ಮಾಡ್ದಂಗೇ ಇರುತ್ತೆ."

"ನೋಡೋಕಿದ್ರೆ ಸಾಕು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ತಲೆ ಬಗ್ಗಿಸಿದಳು. ಮುಖ ಕಾಣದಿದ್ದರೆ ನನಗೆ ಮಾತು ಸಿಗುವುದಿಲ್ಲ. ಆಗ ಅವಳು ಏನಾದರೂ ಹೇಳಿದಳೋ ಏನೋ ತಿಳಿಯಲಿಲ್ಲ.

ಗುಂಡಿ ನಾನೇ ಒತ್ತಿದೆ. ನಿಜವಾಗಿಯೂ ಹೋಗುತ್ತೀರಾ ಎಂದು ಮೊಬೈಲು ಒಂದೆರಡು ಸಲ ಕೇಳಿತು. ಹೌದು ಅಂದೆ. ಇವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೊರಟುಬಿಟ್ಟರು. ಸಂಜೆಯವರೆಗೂ ಬರಲಿಲ್ಲ.

ಚಂದಾದ ಅವಧಿ ಮುಗಿದ ಮರುದಿನ ಹಾಸಿಗೆಯಿಂದ ಎದ್ದವಳೇ ಮೊಬೈಲು ತೆರೆದೆ. ಪಟ್ಟಿಗಳು ಇದ್ದವು, ಸಾಲೂ ಹಾಗೆಯೇ ಇತ್ತು. ಡೌನ್‌ಲೋಡಿನ ಸಣ್ಣ ಗುರುತುಗಳಷ್ಟೇ ಮಾಯವಾಗಿದ್ದವು. ಒಲೆ ಹಚ್ಚುವಾಗ ಬೆಳಗಿನ ಪಟ್ಟಿ ಓದಿದೆ, ಸಮಾಧಾನವಾಯಿತು.

ಹೀಗೆ ಒಂದು ವರ್ಷದ ಮೇಲೆ ನಡೆಯಿತು. ನಡುವೆ ಪಟ್ಟಿಯಲ್ಲಿ ಒಂದೆರಡು ಹಾಡಿನ ಹೆಸರು ಮಂಕಾದವು. ಕಂಪನಿಯವರು ಆ ಹಾಡುಗಳನ್ನೇ ತೆಗೆದುಬಿಟ್ಟಿದ್ದಾರಂತೆ, ಒತ್ತಿದರೂ ಬರುವುದಿಲ್ಲವಂತೆ. ಮಗಳಿಗೆ ಬೇಜಾರಾಯಿತು. ನನಗೇನೂ ಅನ್ನಿಸಲಿಲ್ಲ. ನನ್ನೊಳಗೆ ಅವು ಉಳಿದವುಗಳಷ್ಟೇ ಚೆನ್ನಾಗಿ ಹಾಡುತ್ತಿದ್ದವು. ಸ್ವಲ್ಪ ಜಂಬವೂ ಬಂತು ಅನ್ನಬೇಕು. ಊರಿನಲ್ಲಿ ಯಾರಿಗೂ ಕೇಳದ್ದು ನನಗೆ ಕೇಳುತ್ತದೆ ಎಂದು.

ಹೋದ ತಿಂಗಳು ಅಟ್ಟದ ಪಟ್ಟಿ ಓದುತ್ತಿದ್ದೆ. ಮೊದಲನೆಯದಾಯಿತು, ಎರಡನೆಯದಾಯಿತು. ಮೂರನೆಯದರ ಹೆಸರು ಓದಿದೆ, ಏನೂ ಬರಲಿಲ್ಲ. ಮಾತುಗಳು ನೆನಪಿದ್ದವು, ಅಷ್ಟೂ ಚರಣ ಬಾಯಿಗೆ ಬರುತ್ತಿದ್ದವು, ಆದರೆ ರಾಗವಿಲ್ಲ. ಎರಡನೆಯದಕ್ಕೆ ಹಿಂದೆ ಹೋಗಿ ಅದರ ಬೆನ್ನಿಗೆ ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ನಾಚಿಕೆ ಬಿಟ್ಟು, ಕಾರಣ ಹೇಳದೆ, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಅದನ್ನು ಹಾಡಿಸಿದೆ. ಪಾಪ, ಹಾಡಿದರು. ಅವರ ತುಟಿ ಕಂಡಿತು, ಮಿಷನ್ನಿನಲ್ಲಿ ಜಲ್ಲಿ ಸುರಿಯಿತು.

ಆ ಭಾನುವಾರ ಮಗಳಿಗೆ ಹೇಳಿದೆ. ಬೇರೆ ಯಾರಿಗೂ ಹೇಳಿರಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು. ಆಮೇಲೆ ನನಗೆ ಕಾಣುವಂತೆ ಮುಖವೆತ್ತಿ, "ಅದೊಂದನ್ನ ಪಟ್ಟಿಯಿಂದ ತೆಗ್ದುಬಿಡ್ಲಾ ಅಮ್ಮ? ನೋಡ್ದಾಗೆಲ್ಲ ಸಂಕಟ ಆಗಲ್ವಾ?" ಅಂದಳು.

"ಬೇಡ ಕಣೇ. ಅದ್ರ ಜಾಗದಲ್ಲಿ ಅದು ಇರ್ಲಿ."

ಇನ್ನೂ ಎಷ್ಟು ಹಾಡು ಹೀಗೆ ಹೋಗುತ್ತವೋ ಗೊತ್ತಿಲ್ಲ. ಹೋಗುತ್ತವೆ. ಈಗ ಮೂರನೆಯದು ಬಂದಾಗ ಅದರ ಹೆಸರಿನ ಮೇಲೆ ಬೆರಳಿಟ್ಟು, ಆ ಹಾಡು ಎಷ್ಟು ಹೊತ್ತು ಇರುತ್ತಿತ್ತೋ ಅಷ್ಟು ಹೊತ್ತು ಸುಮ್ಮನೆ ಕೂತಿರುತ್ತೇನೆ. ಮೊನ್ನೆ ಇವರು ಊಟಕ್ಕೆ ಕರೆಯಲು ಬಂದು ಎದುರಿಗೆ ನಿಂತರು. ಇನ್ನೂ ಮುಗಿದಿಲ್ಲ, ಸ್ವಲ್ಪ ತಾಳಿ ಎಂದು ಕೈ ಮಾಡಿದೆ. ಅವರು ಯಾವ ಹಾಡೆಂದು ಕೇಳದೆ ಪಕ್ಕದಲ್ಲಿ ಕೂತು, ಅದು ಮುಗಿಯುವವರೆಗೂ ಕಾದರು.