ಯಾವ ಕ್ಲೀನು?

ನಿನ್ನೆ ಸಂಜೆ ಆ ಚೀಟಿಯ ಮೇಲೆ ತಾನು ಬರೆದದ್ದೇನು? ಬೆಳಿಗ್ಗೆ ಎಂಟೂಕಾಲಿಗೆ ಮಗಳ ಬಾಯಿಗೆ ಔಷಧಿ ಹಾಕುವಾಗಲೂ ಅವಳ ತಲೆಯೊಳಗೆ ಈ ಒಂದೇ ಪ್ರಶ್ನೆ ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಔಷಧಿ ಅರ್ಧ ಮಗುವಿನ ಬಾಯಿಗೆ ಹೋಯಿತು, ಅರ್ಧ ಕುತ್ತಿಗೆಗೆ ಇಳಿಯಿತು.

"ರೀ, ನಿನ್ನೆ ನಾನು ಮನೆಗೆ ಬಂದಾಗ ಕೈ ಬೆಳ್ಳಗೆ ಒಣಗಿತ್ತಾ?"

ಗಡ್ಡ ಹೆರೆಯುತ್ತಿದ್ದ ಗಂಡ ನೊರೆ ಮೆತ್ತಿದ ಕೆನ್ನೆಯನ್ನು ಇತ್ತ ತಿರುಗಿಸಿದ. "ಶುರುವಾಯ್ತಾ? ಮೊನ್ನೆ ಗ್ಯಾಸು, ನಿನ್ನೆ ನಲ್ಲಿ, ಇವತ್ತು ಕೈ. ನಿಂಗಿರೋದು ತಲೆಯಲ್ಲ ಕಣೇ, ಫೈರ್ ಸ್ಟೇಷನ್ನು. ಬೆಂಕಿ ಇರ್ಲಿ ಬಿಡ್ಲಿ, ಗಂಟೆ ಮಾತ್ರ ಹೊಡೀತಾನೇ ಇರುತ್ತೆ."

ಅವನು ಹೇಳಿದ್ದು ಸುಳ್ಳಲ್ಲ. ಅವಳ ನೂರು ಭಯಗಳಲ್ಲಿ ತೊಂಬತ್ತೊಂಬತ್ತು ಸುಳ್ಳು. ಕಷ್ಟವೆಂದರೆ, ನೂರನೆಯದೂ ಅದೇ ಬಟ್ಟೆ ತೊಟ್ಟು ಬರುತ್ತದೆ.

ಅವಳು ಕೆಲಸ ಮಾಡುವುದು ಒಂದು ಸಂಶೋಧನಾ ಕೇಂದ್ರದ ವರ್ಕ್‌ಶಾಪಿನಲ್ಲಿ. ದೊಡ್ಡ ಅಂಗಳ, ಸುತ್ತ ಹದಿನಾಲ್ಕು ಲ್ಯಾಬುಗಳು, ನಡುವೆ ತಗಡಿನ ಮಾಡಿನ ಈ ವರ್ಕ್‌ಶಾಪು. ಮಣ್ಣು ಜರಡಿ ಹಿಡಿಯುವವರು, ಮೀನು ಸಾಕುವವರು, ಕಾಂಕ್ರೀಟು ಹಿಸುಕಿ ಒಡೆಯುವವರು, ಬೀಜ ಮೊಳೆಸುವವರು, ಹೆಲ್ಮೆಟ್ಟಿಗೆ ಹೊಡೆಯುವವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೆ ಯಾರಿಗೆ ಏನು ಕೆಟ್ಟರೂ, ಏನು ಸಾಲದೆ ಬಂದರೂ, ಬರುವುದು ಇಲ್ಲಿಗೇ.

ಅವಳಿಗೆ ಈ ಕೆಲಸ ಕಲಿಸಿದವರು ಅಪ್ಪನ ಅಣ್ಣ. ಅವಳಿಗೆ ದೊಡ್ಡಪ್ಪ, ಉಳಿದ ಕೇಂದ್ರಕ್ಕೆಲ್ಲ ಒಂಟಿಕಿವಿ. ಮೂವತ್ತೈದು ವರ್ಷ ಆ ಮಾಡಿನ ಕೆಳಗೆ ದುಡಿದು ಹೋದ ವರ್ಷ ತೀರಿಕೊಂಡರು. ಎಡಗಿವಿ ಇರಬೇಕಾದ ಕಡೆ ಒಂದು ತೂತು, ಅದರ ಸುತ್ತ ಕರಗಿ ಗಟ್ಟಿಯಾದ ಮೇಣದಂಥ ಚರ್ಮ. ಯಾರಾದರೂ ಅದನ್ನೇ ದಿಟ್ಟಿಸಿದರೆ ತಾವೇ ಹೇಳುತ್ತಿದ್ದರು: "ಜನ ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತಾರೆ. ನನಗೆ ಬಿಡೋಕೆ ಕಿವಿನೇ ಇಲ್ಲ. ಕೇಳಿದ್ದೆಲ್ಲ ಒಳಗೇ ಕೂತ್ಕೊಳ್ಳುತ್ತೆ."

ನಿಜಕ್ಕೂ ಒಳಗೇ ಕೂರುತ್ತಿತ್ತು. ಸಂಶೋಧಕರು ನಕ್ಷೆ ಹಿಡಿದು ಬಂದು, ಇಷ್ಟು ಉದ್ದ, ಇಷ್ಟು ದಪ್ಪ ಎಂದು ಶುರುಮಾಡಿದರೆ ದೊಡ್ಡಪ್ಪ ನಕ್ಷೆಯನ್ನು ಮಡಿಸಿ ಪಕ್ಕಕ್ಕಿಡುತ್ತಿದ್ದರು. "ಏನು ಬೇಕು ಅಂತ ಹೇಳ್ಬೇಡಿ ಸ್ವಾಮಿ. ಎಲ್ಲಿ ನೋಯ್ತಿದೆ ಅಂತ ಹೇಳಿ." ನೋವು ಗೊತ್ತಾದ ಮೇಲೆ ಅಂಗಳ ದಾಟಿ ಯಾವುದೋ ಲ್ಯಾಬಿನಿಂದ ಯಾವುದೋ ವಸ್ತು ತರುತ್ತಿದ್ದರು. ಇಲಿಗಳ ಲ್ಯಾಬಿನ ಹುಡುಗಿಯ ಬೆರಳನ್ನು ಇಲಿ ಎಲುಬಿನ ತನಕ ಕಚ್ಚಿದಾಗ, ಲೋಹ ಕರಗಿಸುವವರ ಚರ್ಮದ ಕೈಗವಸು ಅವಳಿಗೆ ಬಂತು. ಮಾರನೆಯ ದಿನ ಅದನ್ನೂ ಕಚ್ಚಿದ ಇಲಿ ಹಲ್ಲು ಸಿಕ್ಕಿಕೊಂಡು ಬಾವಲಿಯ ಹಾಗೆ ನೇತಾಡಿತು.

ಹೆಲ್ಮೆಟ್ಟಿನವರದ್ದು ಬೇರೆ ಕಥೆ. ಸರಪಳಿಗೆ ಕಟ್ಟಿದ ಕಬ್ಬಿಣದ ಗುಂಡಿನಿಂದ ಅವರು ದಿನವಿಡೀ ಪ್ಲಾಸ್ಟರಿನ ತಲೆಗಳನ್ನು ಒಡೆಯುತ್ತಿದ್ದರು. ಇನ್ನೂ ದಪ್ಪ ಪ್ಲಾಸ್ಟರು ಬೇಕೆಂದು ಒಬ್ಬ ಕೇಳಿಕೊಂಡು ಬಂದ. ನೋವೆಲ್ಲಿ ಎಂದು ಕೆದಕಿದ ಮೇಲೆ ಬಾಯಿಬಿಟ್ಟ: "ತಲೆ ಒಡೆಯುತ್ತೆ ಮೇಸ್ತ್ರಿ, ಆದ್ರೆ ಒಳಗಿನ ಮಿದುಳಿಗೆ ಎಷ್ಟು ಪೆಟ್ಟಾಯ್ತು ಅಂತ ಕಾಣಲ್ಲ." ದೊಡ್ಡಪ್ಪ ಬೀಜದವರಿಂದ ಒಂದು ಬಕೆಟ್ಟು ಅಂಟು ತಂದರು. ಸಸಿ ಮೊಳೆಸಲು ಅವರು ಬಳಸುವ, ಗಾಜಿನಂತೆ ತಿಳಿಯಾದ, ಆರಿದರೆ ಜೆಲ್ಲಿಯಂತೆ ಗಟ್ಟಿಯಾಗುವ ಅಂಟು. ತಲೆಯೊಳಗೆ ಹುಯ್ದು ಹೆಪ್ಪುಗಟ್ಟಿಸಿದರು. ಗುಂಡು ಬಡಿಯಿತು. ಚಿಪ್ಪು ಸರಿಸಿ ನೋಡಿದರೆ ಒಳಗೆ ಬಿಳಿ ಬಿರುಕುಗಳು ಸಿಡಿಲಿನ ಹಾಗೆ ಕವಲೊಡೆದು ನಿಂತಿದ್ದವು. ಹೆಲ್ಮೆಟ್ಟಿನವನು ಕುಣಿದಾಡಿದ. ದೊಡ್ಡಪ್ಪ ಮಾತ್ರ ಆ ಕಡೆ ನೋಡದೆ ಹೊರಗೆ ಬಂದು ಗೋಡೆಗೆ ಹಣೆಯಿಟ್ಟು ನಿಂತರು. ಅವರು ಒಡೆದ ತಲೆಯನ್ನು ಮೊದಲೇ ಕಂಡಿದ್ದವರು.

ಏಟುಗಳ ನಡುವೆಯೇ ಬೆಳೆದ ಮನುಷ್ಯ ಅವರು. ಅವರಪ್ಪ ಕಮ್ಮಾರ. "ಕಬ್ಬಿಣ ನೆಟ್ಟಗಾಗೋದು ಏಟಿನಿಂದ, ನೀನೂ ಅಷ್ಟೇ" ಎನ್ನುತ್ತ ಕೈಗೆ ಸಿಕ್ಕ ಇಕ್ಕಳದಲ್ಲೇ ಬಾರಿಸುತ್ತಿದ್ದ. ಹದಿನಾಲ್ಕನೆಯ ವಯಸ್ಸಿನಲ್ಲಿ ಹೆಗಲ ಎಲುಬು ಮುರಿದ ದಿನ ದೊಡ್ಡಪ್ಪ ಮನೆ ಬಿಟ್ಟು, ಹೊಟ್ಟೆಪಾಡಿಗೆ ಹತ್ತಾರು ಕೆಲಸ ಮಾಡಿ, ಕೊನೆಗೆ ಕೇಂದ್ರಕ್ಕೆ ಕಸ ಗುಡಿಸಲು ಸೇರಿದರು. ಗುಡಿಸುತ್ತಲೇ ಕೆಲಸ ಕಲಿತರು. ಅಲ್ಲಿ ಅವರಿಗೊಬ್ಬ ಗೆಳೆಯ ಸಿಕ್ಕ. ಸದಾ ಸಿಳ್ಳೆ ಹಾಕುತ್ತಿದ್ದುದರಿಂದ ಸಿಳ್ಳೆ ಎಂದೇ ಅವನ ಹೆಸರು. ಬೆಂಕಿಯ ಬಗ್ಗೆ ಸಂಶೋಧನೆ ಮಾಡುವ ಲ್ಯಾಬಿನಲ್ಲಿ ಸಹಾಯಕ.

ಒಂದು ದಿನ ಆಕ್ಸಿಜನ್ ಸಿಲಿಂಡರಿನ ವಾಲ್ವು ಕೈಕೊಟ್ಟಿತು. ಸಿಳ್ಳೆ ಓಡಿ ಬಂದ. ದೊಡ್ಡಪ್ಪ ತಲೆ ಓಡಿಸಿದರು. ಕಾಂಕ್ರೀಟು ಒಡೆಯುವ, ಎಣ್ಣೆಯ ಒತ್ತಡದಲ್ಲಿ ನಡೆಯುವ ಯಂತ್ರದಲ್ಲಿ ಅದೇ ಅಳತೆಯ ವಾಲ್ವು ಬಿಡುವಾಗಿತ್ತು. ಅದನ್ನು ಬಿಚ್ಚಿ ಸೋಪಿನ ನೀರಲ್ಲಿ ಚೆನ್ನಾಗಿ ತೊಳೆದು, ಚೀಟಿಯ ಮೇಲೆ 'ಕ್ಲೀನ್' ಎಂದು ಬರೆದು ಕೊಟ್ಟರು. ಕಾಂಕ್ರೀಟಿನವರ ಲೆಕ್ಕದಲ್ಲಿ ಅದು ಕ್ಲೀನೇ, ಮರಳಿಲ್ಲ, ಸಿಮೆಂಟಿಲ್ಲ. ಆದರೆ ಒತ್ತಡದ ಆಕ್ಸಿಜನ್ನಿಗೆ ಒಂದು ಹನಿ ಎಣ್ಣೆ ಸಿಕ್ಕರೆ ಬೆಂಕಿಕಡ್ಡಿ ಬೇಕಿಲ್ಲ. ಸಿಳ್ಳೆ ಬಗ್ಗಿ ತಿರುಪು ತಿರುಗಿಸಿದ. ಹಾಕುತ್ತಿದ್ದ ಸಿಳ್ಳೆ ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ನಿಂತಿದ್ದ ದೊಡ್ಡಪ್ಪನಿಗೆ ಬಿಳಿ ಬೆಳಕೊಂದು ಕಂಡದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಹಿತ್ತಾಳೆಯ ಚೂರುಗಳು ಗೋಡೆಯಲ್ಲಿ ನೆಟ್ಟಿದ್ದವು, ತಮ್ಮ ಕಿವಿ ಇರಲಿಲ್ಲ, ಗೆಳೆಯನ ಮುಖವೂ ಇರಲಿಲ್ಲ.

ಮೂರನೆಯ ದಿನ ಸಿಳ್ಳೆಯ ಅಣ್ಣ ಆಸ್ಪತ್ರೆಗೆ ಬಂದ. ಲಾರಿ ಡ್ರೈವರು; ಕೈಯಲ್ಲಿ ಚಕ್ರದ ಸ್ಪ್ಯಾನರಿತ್ತು. ಹಾಸಿಗೆಯಿಂದ ಎಳೆದು ಕೆಡವಿ ಹೊಡೆದ. ಬ್ಯಾಂಡೇಜಿನ ಮೇಲೇ ಹೊಡೆದ. ಎರಡು ಪಕ್ಕೆಲುಬು ಮುರಿದ ಮೇಲೆ ನರ್ಸು, ಆಯಾ, ಪಕ್ಕದ ಹಾಸಿಗೆಯ ಕುಂಟ ಎಲ್ಲ ಸೇರಿ ಅವನನ್ನು ಬಿಡಿಸಿದರು. ದೊಡ್ಡಪ್ಪ ಒಂದು ಕೈಯನ್ನೂ ಅಡ್ಡ ತರಲಿಲ್ಲ, ಪೊಲೀಸರಿಗೂ ದೂರು ಕೊಡಲಿಲ್ಲ. "ಅವನೇನೂ ತಪ್ಪು ವಿಳಾಸಕ್ಕೆ ಬಂದಿರ್ಲಿಲ್ಲ ಮಗಳೇ" ಎನ್ನುತ್ತಿದ್ದರು.

ಅಂದಿನಿಂದ ಆ ಮಾಡಿನ ಕೆಳಗೆ 'ಕ್ಲೀನ್' ಎಂಬ ಮಾತಿಗೆ ಜಾಗವಿಲ್ಲ. ಏನು ತೊಳೆದೆವು ಎಂದಲ್ಲ, ಏನು ಹೋಯಿತು ಎಂದು ಬರೆಯಬೇಕು. ಮಣ್ಣು ಹೋಗಿದೆ. ಉಪ್ಪು ಹೋಗಿದೆ. ಎಣ್ಣೆ ಹೋಗಿದೆ. ರೋಗಾಣುಗಳನ್ನು ಬೇಯಿಸಿ ಕೊಂದ ತಟ್ಟೆಗಳಿಗೆ ಜೀವ ಹೋಗಿದೆ. ಒಮ್ಮೆ ಮಧ್ಯಾಹ್ನದ ಊಟವಾದ ಮೇಲೆ ದೊಡ್ಡಪ್ಪ ಬೆಂಚಿನ ಮೇಲೆ ಮಲಗಿದ್ದರು. ಫ್ಯಾನಿನ ಗಾಳಿಗೆ ಹಾರಿದ ಒಂದು 'ಜೀವ ಹೋಗಿದೆ' ಚೀಟಿ ಅವರ ಎದೆಯ ಮೇಲೆ ಬಂದು ಕೂತಿತು. ಹೊಸದಾಗಿ ಬಂದ ಗುಮಾಸ್ತೆ ಅದನ್ನು ಓದಿ ಹಾಕಿದ ಕೂಗಿಗೆ ಹದಿನಾಲ್ಕು ಲ್ಯಾಬೂ ಖಾಲಿಯಾದವು. "ಇನ್ನೂ ಹೋಗಿಲ್ಲ ಕಣಮ್ಮ, ಹೋಗುವಾಗ ನಾನೇ ಬರ್ದಿಡ್ತೀನಿ" ಎಂದು ದೊಡ್ಡಪ್ಪ ಎದ್ದು ಕೂತರು.

ಅವಳು ಸೇರಿದ ಮೊದಲ ತಿಂಗಳು ಈ ನಿಯಮ ಅವಳಿಗೆ ಹುಡುಗಾಟವೆನಿಸಿತ್ತು. ಪಟ್ಟಣದ ಶಾಲೆ, ಡಿಪ್ಲೊಮಾ, ಅಚ್ಚುಕಟ್ಟಾದ ಅಕ್ಷರ. ಒಂದು ಚೀಟಿಯ ಮೇಲೆ ಚೆಂದವಾಗಿ 'ಕ್ಲೀನ್' ಎಂದು ಬರೆದಳು. ದೊಡ್ಡಪ್ಪ ಓದಿದರು. ಮರುಗಳಿಗೆಯಲ್ಲಿ ಅವರ ಅಂಗೈ ಅವಳ ಕೆನ್ನೆಗೂ ಕಿವಿಗೂ ಸೇರಿ ಅಪ್ಪಳಿಸಿತ್ತು. ಬೆಂಚಿನ ಅಂಚು ತಾಗಿ ತುಟಿ ಸೀಳಿತು. ಕಿವಿಯೊಳಗೆ ಸಣ್ಣಗೆ ಕೊರೆಯುವ ಸದ್ದು ಎರಡು ದಿನ ಇತ್ತು. ಸಿಳ್ಳೆಯ ಕಥೆಯನ್ನು ಅವರು ಹೇಳಿದ್ದು ಅಂದೇ, ಅವಳ ತುಟಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದುಕೊಂಡು, ತಾವೂ ಅಳುತ್ತ. ಆ ಏಟನ್ನು ಅವಳು ಮರೆತಿಲ್ಲ. ಕ್ಷಮಿಸಿಯೂ ಇಲ್ಲ. ಅವರಪ್ಪನ ಇಕ್ಕಳ ಅವರ ಕೈಯಲ್ಲಿ ಉಳಿದುಬಿಟ್ಟಿತ್ತು, ಅಷ್ಟೇ ಎಂದುಕೊಳ್ಳುತ್ತಾಳೆ.

ಈಗ ಗೋಡೆಯ ಗಡಿಯಾರ ಎಂಟೂ ಮೂವತ್ತೈದು ತೋರಿಸುತ್ತಿತ್ತು. ಮೀನಿನ ಲ್ಯಾಬಿನಲ್ಲಿ ತೊಟ್ಟಿಗಳಿಗೆ ಆಕ್ಸಿಜನ್ ಬಿಡುವ ಬದಲಿ ವಾಲ್ವನ್ನು ಜೋಡಿಸುವುದು ಒಂಬತ್ತಕ್ಕೆ.

ನಿನ್ನೆಯದನ್ನು ಅವಳು ಮತ್ತೆ ಮೊದಲಿಂದ ನೆನೆದಳು. ಮೀನಿನವರ ವಾಲ್ವು ಸೋರುತ್ತಿದೆಯೆಂದು, ಕಾಂಕ್ರೀಟಿನವರ ಯಂತ್ರದ ವಾಲ್ವನ್ನು ಬಿಚ್ಚಿದ್ದು ಅವಳೇ. ಎರಡು ತೊಳೆತ ಆಗಬೇಕು: ಮೊದಲು ಸೋಪು, ಆಮೇಲೆ ಎಣ್ಣೆ ಬಿಡಿಸುವ ದ್ರಾವಣ. ಸೋಪು ಆಯಿತು. ಅಷ್ಟರಲ್ಲಿ ಮಗಳ ಶಿಶುವಿಹಾರದಿಂದ ಫೋನು. "ಇನ್ನೊಂದು ಮಗು ನಿಮ್ಮ ಮಗಳ ಕೆನ್ನೆ ಕಚ್ಚಿಬಿಟ್ಟಿದೆ ಅಮ್ಮಾ, ರಕ್ತ ನಿಲ್ತಿಲ್ಲ, ಬೇಗ ಬನ್ನಿ." ಆಮೇಲಿನದೆಲ್ಲ ಮಸುಕು. ದ್ರಾವಣದ ತಟ್ಟೆಯಲ್ಲಿ ವಾಲ್ವು ಮುಳುಗಿದ್ದು ನೆನಪಿದೆ. ಆದರೆ ಅದು ನಿನ್ನೆಯದೋ, ಹೋದ ವಾರದ್ದೋ? ಕೈಗೆ ರೂಢಿಯಾದ ಕೆಲಸದ ನೆನಪಿಗೆ ತಾರೀಖು ಇರುವುದಿಲ್ಲ. ಚೀಟಿ ಕಟ್ಟಿದ್ದು, ಮೀನಿನವರ ಖಾನೆಯಲ್ಲಿ ಇಟ್ಟದ್ದು, ಓಡಿದ್ದು, ಇಷ್ಟು ನಿಜ.

ಒಂದು ಫೋನು ಮಾಡಿದರಾಯಿತಲ್ಲ? ಆದರೆ ಹೋದ ತಿಂಗಳೂ ಹೀಗೆಯೇ ಮಾಡಿದ್ದಳು. ತೊಟ್ಟಿಯ ಪೈಪಿನ ಅಂಟು ವಿಷವಿರಬಹುದೆಂದು ಹೆದರಿ ಪಂಪು ನಿಲ್ಲಿಸಲು ಹೇಳಿದ್ದಳು. ಅಂಟಿಗೆ ಏನೂ ಆಗಿರಲಿಲ್ಲ. ಅದನ್ನು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಗಾಳಿಯಿಲ್ಲದೆ ಮುನ್ನೂರು ಮರಿಗಳು ಹೊಟ್ಟೆ ಮೇಲಾಗಿದ್ದವು. ಮೀನಿನ ಲ್ಯಾಬಿನ ಮೇಡಂ ಸತ್ತ ಮೀನಿನ ಬಕೆಟ್ಟನ್ನು ಹೊತ್ತು ತಂದು, ಎಲ್ಲರೆದುರು ಅವಳ ಕಾಲಿನ ಮೇಲೆ ಸುರಿದು, ಖಾಲಿ ಬಕೆಟ್ಟನ್ನು ಗೋಡೆಗೆ ಎಸೆದಿದ್ದರು. "ನಿನ್ನ ಭಯಕ್ಕೆ ನನ್ನ ಎರಡು ವರ್ಷದ ಕೆಲಸ ಸಾಯ್ಬೇಕಾ?" ಸೋಮವಾರ ಅವಳ ಕೆಲಸ ಖಾಯಂ ಆಗಬೇಕೋ ಬೇಡವೋ ಎಂದು ತೀರ್ಮಾನಿಸುವ ಮೂವರಲ್ಲಿ ಆ ಮೇಡಂ ಒಬ್ಬರು.

"ಕಣ್ಣಿಗೆ ಕಂಡದ್ದಕ್ಕೆ ಹೆದರು" ಎಂದು ಗಂಡ ಬಾಗಿಲಲ್ಲಿ ಶೂ ಕಟ್ಟಿಕೊಳ್ಳುತ್ತ ಅಂದ. "ಕಾಣದ್ದಕ್ಕೆಲ್ಲ ಹೆದರ್ತಾ ಕೂತ್ರೆ ಬದುಕೋದು ಯಾವಾಗ?" ಹೇಳಿ ಹೊರಟುಹೋದ.

ಅವಳು ನಿನ್ನೆಯ ಬಟ್ಟೆಗಳನ್ನು ಬಕೆಟ್ಟಿಗೆ ಹಾಕತೊಡಗಿದಳು. ಮಗಳ ಹಳದಿ ಅಂಗಿ. ಕೊರಳಪಟ್ಟಿಯ ಮೇಲೆ ಒಣಗಿದ ರಕ್ತ. ಅದನ್ನು ಉಜ್ಜಲು ತಿರುಗಿಸಿದಾಗ ಬೆನ್ನಿನ ಮೇಲೊಂದು ಕಂದು ಗುರುತು ಕಂಡಿತು. ಹೆಬ್ಬೆಟ್ಟು. ಅವಳದೇ ಹೆಬ್ಬೆಟ್ಟು, ಗೆರೆ ಗೆರೆಯೂ ಸ್ಪಷ್ಟ. ಓಡಿಹೋಗಿ ಮಗುವನ್ನು ಬಾಚಿ ಎತ್ತಿಕೊಂಡಾಗ ಒತ್ತಿದ್ದು.

ಸೋಪು ಹಚ್ಚಿ ಉಜ್ಜಿದಳು. ರಕ್ತ ಬಿಟ್ಟಿತು. ಹೆಬ್ಬೆಟ್ಟು ಬಿಡಲಿಲ್ಲ.

ಮೂಗಿಗೆ ಹಿಡಿದಳು. ಕಾಂಕ್ರೀಟಿನವರ ಯಂತ್ರದ ಎಣ್ಣೆ, ಆ ಸುಟ್ಟ ಕಮಟು ವಾಸನೆ.

ತಲೆಯೊಳಗೆ ದೊಡ್ಡಪ್ಪನ ದನಿ: ಎಲ್ಲಿ ನೋಯ್ತಿದೆ ಹೇಳು ಮಗಳೇ.

ಕೈಗವಸು ಹಾಕಿಕೊಳ್ಳದ ಕೆಟ್ಟ ಚಾಳಿ ಅವಳಿಗೆ ದೊಡ್ಡಪ್ಪನಿಂದಲೇ ಬಂದದ್ದು. ಎರಡನೆಯ ತೊಳೆತ ಆಗಿದ್ದರೆ ಆ ದ್ರಾವಣ ಅವಳ ಬೆರಳಿನ ಎಣ್ಣೆಯನ್ನೂ ಬಿಡುತ್ತಿರಲಿಲ್ಲ. ಚರ್ಮ ಸುಣ್ಣದ ಹಾಗೆ ಬೆಳ್ಳಗೆ ಒಣಗಿರಬೇಕಿತ್ತು. ಸೋಪಿನಲ್ಲಿ ತೊಳೆದ ಮೇಲೂ ಬೆರಳಲ್ಲಿ ಇಷ್ಟು ಉಳಿದಿತ್ತೆಂದರೆ ವಾಲ್ವಿನ ಹೊಟ್ಟೆಯೊಳಗೆ ಎಷ್ಟು ಉಳಿದಿರಬೇಡ! ಕಿವಿಯಲ್ಲಿ ಹಳೆಯ ಏಟಿನ ಸಣ್ಣ ಸದ್ದು ಮತ್ತೆ ಕೊರೆಯತೊಡಗಿತು. ಗಡಿಯಾರ ಎಂಟೂ ಐವತ್ತೆರಡು.

ಒದ್ದೆ ಕೈಯಲ್ಲಿ ಫೋನು ಎರಡು ಸಲ ಜಾರಿತು. ಐದನೆಯ ರಿಂಗಿಗೆ ಮೀನಿನ ಲ್ಯಾಬಿನ ಸಹಾಯಕ ಎತ್ತಿಕೊಂಡ. ಹಿಂದೆ ಲೋಹಕ್ಕೆ ಲೋಹ ತಾಗುವ ಸದ್ದು ಕೇಳುತ್ತಿತ್ತು.

"ಏನಕ್ಕಾ, ತೋಳ ಬಂತಾ?" ಎಂದು ನಕ್ಕ.

"ಬಂತು. ಅಣ್ಣಾ, ವಾಲ್ವ್ ತಿರುಗಿಸಿದ್ರಾ?"

"ಈಗಷ್ಟೇ ಬಿಗಿ ಮಾಡ್ತಾ ಇದೀನಿ. ಇನ್ನೊಂದು ಸುತ್ತು, ಆಮೇಲೆ ತೆರೆಯೋದೇ."

"ಅದಕ್ಕೆ ಕಟ್ಟಿರೋ ಚೀಟಿ ಓದಿ."

"ಚೀಟೀಲಿ ನಿಮ್ಮ ದೊಡ್ಡಪ್ಪನ ದೆವ್ವ ಏನಾದ್ರೂ... ಇರಿ, ಓದ್ತೀನಿ. 'ಕ್ಲೀನ್'. ಅಷ್ಟೇ ಬರ್ದಿದೀರಿ." ಅವನ ನಗು ನಿಂತಿತು. ಒಂಟಿಕಿವಿಯ ನಿಯಮ ಆ ಅಂಗಳದಲ್ಲಿ ಎಲ್ಲರಿಗೂ ಗೊತ್ತು. "ಅಕ್ಕಾ... ಯಾವ ಕ್ಲೀನು?"

"ಮುಖ ಹಿಂದೆ ತಗೊಳ್ಳಿ. ಕೈ ತೆಗೀರಿ ಅದರ ಮೇಲಿಂದ. ಸಿಲಿಂಡರ್ ತೆರೀಬೇಡಿ. ಗಾಜು ಊದೋ ಲ್ಯಾಬಿನವರ ಎರಡನೇ ಬರ್ನರ್ ಕೆಟ್ಟು ಕೂತಿದೆ, ಅದರ ಆಕ್ಸಿಜನ್ ವಾಲ್ವ್ ಚೆನ್ನಾಗಿದೆ, ಅದನ್ನ ಬಿಚ್ಕೊಂಡು ಬನ್ನಿ. ಅದು ಎಣ್ಣೆ ಕಂಡಿದ್ದೇ ಇಲ್ಲ. ಹತ್ತು ನಿಮಿಷದ ಕೆಲಸ, ಮೀನಿಗೇನೂ ಆಗಲ್ಲ."

ಸ್ಪ್ಯಾನರು ನೆಲಕ್ಕೆ ಬಿದ್ದ ಸದ್ದು ಫೋನಿನಲ್ಲಿ ಠಣ್ಣೆಂದು ಕೇಳಿತು. ಆಮೇಲೆ ಅವನ ಉಸಿರು. ಹಿಂದಿನಿಂದ ಒಂದು ಹೆಂಗಸಿನ ದನಿ, ಚೂರಿಯ ಹಾಗೆ: "ಯಾರದು? ಮತ್ತೆ ಅವಳಾ?"

"ಮೇಡಂ ಇಲ್ಲೇ ನಿಂತಿದಾರಕ್ಕಾ" ಎಂದು ಅವನು ಪಿಸುಗುಟ್ಟಿದ. "ನಾನೇ ಏನಾದ್ರೂ ಹೇಳಿ ಸುಮ್ನಾಗಿಸ್ಲಾ?"

ಮಗಳು ಬಂದು ಅವಳ ಕಾಲು ತಬ್ಬಿಕೊಂಡಳು. ಅವಳು ಒದ್ದೆ ಅಂಗಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದಳು.

"ಬೇಡ. ಅವರಿಗೇ ಕೊಡಿ."

ಫೋನು ಕೈ ಬದಲಾಯಿತು. "ಹೇಳು."

"ಎಣ್ಣೆ ಹೋಗಿಲ್ಲ, ಮೇಡಂ" ಎಂದಳು. "ಬರೆದದ್ದು ನಾನೇ."