ಹಾಲೇಶಪ್ಪ ಮಾವನ ಏಣಿ

ಹಾಲೇಶಪ್ಪ ಮಾವನ ಬಗ್ಗೆ ಬರೆಯಬೇಕೆಂದರೆ ಅವರ ಜಿಪುಣತನದಿಂದಲೇ ಶುರು ಮಾಡಬೇಕು. ಹೊಗಳಿಕೆ ಆಮೇಲೆ. ಮನುಷ್ಯ ತನ್ನ ತಾಟಿನ ರೊಟ್ಟಿ ಕೊಟ್ಟಾರು, ಹೆಗಲ ಮೇಲಿನ ಟವೆಲ್ಲು ಕೊಟ್ಟಾರು, ಹಿತ್ತಿಲ ಗೋಡೆಗೆ ಒರಗಿಸಿಟ್ಟ ಬಿದಿರಿನ ಏಣಿಯನ್ನು ಮಾತ್ರ ಯಾರಿಗೂ ಕೊಟ್ಟವರಲ್ಲ. ಸುಣ್ಣ ಬಳಿಯೋದಕ್ಕೆ ಅಂತ ಕೇಳಿದರೂ ಇಲ್ಲ, ಹುಣಸೆಹಣ್ಣು ಇಳಿಸೋದಕ್ಕೆ ಅಂತ ಕೇಳಿದರೂ ಇಲ್ಲ. "ಅದು ಸರಕಾರದ್ದವಾ" ಎಂದುಬಿಡುತ್ತಿದ್ದರು. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದಷ್ಟು ದಿನ ಆ ಮಾತು ನಡೆಯಿತು. ತೊಂಬತ್ತಾರರಲ್ಲಿ ನಿವೃತ್ತರಾದ ಮೇಲೂ ಅದನ್ನೇ ಹೇಳುತ್ತಿದ್ದರು. ಆದರೆ ಆ ಏಣಿಯನ್ನು ಅವರೇ ಗುಡೇಕೋಟೆ ಕಡೆಯಿಂದ ಬಿದಿರು ತಂದು, ಸ್ವಂತ ಕೈಯಿಂದ ಕಟ್ಟಿಕೊಂಡದ್ದೆಂದು ಊರಿಗೆಲ್ಲ ಗೊತ್ತಿತ್ತು.

ನಾನು ಶೈಲಾ. ಹೊಸಹಳ್ಳಿ ಹೋಬಳಿಯ ನಮ್ಮೂರಿನ ಸಣ್ಣ ಗ್ರಂಥಾಲಯ ನೋಡಿಕೊಳ್ಳುವವಳು. ಕೊಟ್ಟೂರಿನಿಂದ ಸೊಸೆಯಾಗಿ ಬಂದವಳಾದ್ದರಿಂದ ಈ ಊರಿನ ಹಿರೇರೆಲ್ಲ ನನಗೆ ಮಾವಂದಿರೇ. ನನಗೆ ಸಿಟ್ಟು ಜಾಸ್ತಿ ಅಂತ ಒಂದು ದೂರಿದೆ. ಪುಸ್ತಕ ಒಯ್ದು ಆರು ತಿಂಗಳಾದರೂ ತಂದುಕೊಡದವರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿದರೆ ಜನ ಅದನ್ನು ಸಿಟ್ಟು ಅನ್ನುತ್ತಾರೆ. ಇರಲಿ.

ಏಣಿ ಹತ್ತಿದವರಿಗೆ ಅಟ್ಟ ಕಾಣುತ್ತದೆ. ಮೂವತ್ತು ವರ್ಷ ಮನೆಮನೆ ಹೊಕ್ಕು ಮೀಟರು ಕೂರಿಸಿ, ವೈರು ಎಳೆದ ಮಾವನಿಗೆ ಯಾರ ಮನೆಯ ಅಟ್ಟದ ಮೇಲೆ ಏನು ಧೂಳು ತಿನ್ನುತ್ತಿದೆ ಎಂಬುದು ಆ ಮನೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ನಿವೃತ್ತರಾದ ಮರುವರ್ಷ ಊರಿಗೊಂದು ಗುಜರಿ ಗಾಡಿ ಬಂತು. ಹಳೇ ಹಿತ್ತಾಳೆ ಕೊಟ್ಟರೆ ಪ್ಲಾಸ್ಟಿಕ್ ಕೊಡ. ನಮ್ಮೂರಿನ ರೈತ ಅಜ್ಜಯ್ಯನ ಮನೆಯಿಂದ ಅವನ ಮುತ್ತಾತನ ಹೆಸರು ಕೊರೆದ, ಕಾಳು ಅಳೆಯುವ ಹಿತ್ತಾಳೆ ಸೇರು ಗಾಡಿಗೆ ಬಿದ್ದದ್ದನ್ನು ನೋಡಿ ಮಾವ ಎತ್ತಿನ ಮುಂದೆ ಹೋಗಿ ನಿಂತೇಬಿಟ್ಟರು. ಮಧ್ಯಾಹ್ನದ ತನಕ ಗಾಡಿ ಅಲುಗಾಡಲು ಬಿಡಲಿಲ್ಲ. ಕೊನೆಗೆ ತಮ್ಮ ಮನೆಯ ಎರಡು ಹೊಸ ಸ್ಟೀಲ್ ಕೊಡ ಗುಜರಿಯವನಿಗೆ ಕೊಟ್ಟು ಆ ಸೇರನ್ನು ಬಿಡಿಸಿಕೊಂಡರು. ಅವರ ಹೆಂಡತಿ ನಾಗಲಿಂಗಮ್ಮತ್ತೆ ಮೂರು ದಿನ ಮಾತು ಬಿಟ್ಟಿದ್ದರು.

ಅಲ್ಲಿಂದ ಶುರುವಾಯಿತು. ಊರ ಮುಂದೆ ಸೊಸೈಟಿಯ ಹಳೇ ಗೋದಾಮು ಪಾಳು ಬಿದ್ದಿತ್ತು. ತೊಂಬತ್ತೆಂಟರಲ್ಲಿ ಅರ್ಜಿ ಹಾಕಿ ಮೂರು ವರ್ಷದ ಮಟ್ಟಿಗೆ ಅಂತ ತಮ್ಮ ಹೆಸರಿಗೆ ಕಾಗದ ಬರೆಸಿಕೊಂಡರು. ಆಮೇಲೆ ಒಂದೊಂದೇ ಮನೆಗೆ ಹೋಗಿ ಕೇಳತೊಡಗಿದರು. "ಇಡಾಕ ಕೊಡ್ರಿ, ಬಿಡಾಕ ಬ್ಯಾಡ. ನಿಮಗ ಯಾವಾಗ ಬೇಕೋ ಆವಾಗ ಒಯ್ಯಿರಿ." ಯಾರಾದರೂ ಮುರುಕಲು ತಟ್ಟೆ ತಂದರೆ ಮಾವನಿಗೆ ಕೋಪ ಬರುತ್ತಿತ್ತು. "ಕೊಟ್ರ ನಿಮಗ ಬೇಕಾದ್ದು ಕೊಡ್ರಿ. ಬ್ಯಾಡಾದ್ದು ಗುಜರಿಯವನೂ ಒಯ್ತಾನ." ಹೀಗೆ ಹೇಳಿಸಿಕೊಂಡೇ ನಮ್ಮ ಓಣಿಯ ಗಾಳೆಮ್ಮ ತನ್ನ ಐದು ಮಕ್ಕಳು ಮಲಗಿದ ತೊಟ್ಟಿಲನ್ನು ಕಣ್ಣೀರಿಟ್ಟುಕೊಂಡು ತಂದಿಟ್ಟಳು.

ಕಾಗದದಲ್ಲಿ ಅದಕ್ಕೆ ಗ್ರಾಮ ಚರಿತ್ರೆಯ ವಸ್ತುಸಂಗ್ರಹಾಲಯ ಎಂದು ಹೆಸರು. ಊರವರ ಬಾಯಲ್ಲಿ ಹಳೇ ಸಾಮಾನಿನ ಮನಿ. ಸಂಬಳ ಸಾರಿಗೆ ಯಾರಿಗೂ ಇಲ್ಲ. ಕಸ ಗುಡಿಸುವುದು ನಾಗಲಿಂಗಮ್ಮತ್ತೆ, ಬಾಗಿಲು ತೆಗೆಯುವುದು ಮಾವ, ಪಟ್ಟಿ ಬರೆದು ಚೀಟಿ ಅಂಟಿಸುವುದು ನಾನು. ಚೀಟಿಯಲ್ಲಿ ಏನು ಬರೆಯಬೇಕೆಂದು ಮಾವನೇ ಹೇಳುವವರು. "ಈ ಕಂದೀಲು ಅಜ್ಜಯ್ಯನವರ ಮನೆಯದು. ಇದರ ಬೆಳಕಿನಲ್ಲಿ ಓದಿ ಐದು ಜನ ಮೆಟ್ರಿಕ್ ಫೇಲಾದರು, ಒಬ್ಬರು ಪಾಸಾದರು." ಪಾಸಾದವರು ಯಾರು ಅಂತ ಬರೆಯೋಣ ಮಾವ ಅಂದೆ. "ಬ್ಯಾಡ, ಉಳಿದ ಐದು ಮಂದಿ ಜಗಳಕ್ಕ ಬರತಾರ" ಅಂದರು. ಎಪ್ಪತ್ತೆರಡರ ಬರಗಾಲದಲ್ಲಿ ಗಂಜಿ ಬಡಿಸಿದ ದೊಡ್ಡ ಸೌಟು ಅಲ್ಲಿತ್ತು. ಬಾವಿಯಿಂದ ಎತ್ತು ಕಟ್ಟಿ ನೀರೆಳೆಯುತ್ತಿದ್ದ ಚರ್ಮದ ಬಾನಿ ಇತ್ತು. ಊರಿನ ಮೊದಲ ರೇಡಿಯೋ ಇತ್ತು, ಅದರೊಳಗೆ ಒಂದು ಸಲ ಇಲಿ ಮರಿ ಹಾಕಿತ್ತು. ಅದನ್ನೂ ಚೀಟಿಯಲ್ಲಿ ಬರೆಸಿದರು.

ನಿಯಮಗಳನ್ನೂ ಅವರೇ ಹೇಳಿ ಬರೆಸಿದ್ದು. ಸಾಮಾನು ಕೊಟ್ಟ ಮನೆಯವರೇ ಸದಸ್ಯರು. ಸದಸ್ಯರೇ ಇದನ್ನು ನಡೆಸತಕ್ಕದ್ದು, ಕಾಗದಪತ್ರಕ್ಕೆ ಸಹಿ ಮಾಡತಕ್ಕದ್ದು. ಎರಡೇ ನಿಯಮ. ನನ್ನ ಅಕ್ಷರ ದುಂಡಗಿದೆ ಎಂದು ಮೆಚ್ಚಿಕೊಳ್ಳುತ್ತಾ ಬರೆದೆ, ಏನು ಬರೆಯುತ್ತಿದ್ದೇನೆ ಎಂದು ಯೋಚಿಸಲಿಲ್ಲ.

ನನಗೂ ಮಾವನಿಗೂ ಇದ್ದ ಜಗಳ ಒಂದೇ. ಆ ಮನೆಯಲ್ಲಿ ಸಾಮಾನು ಇದ್ದಲ್ಲಿ ಇರುತ್ತಿರಲಿಲ್ಲ. ಮದುವೆ ಬಂದರೆ ಹಂಡೆ ಮಾಯ. ಹೆರಿಗೆಯಾದರೆ ತೊಟ್ಟಿಲು ಮಾಯ. ಕೊಟ್ಟವರಷ್ಟೇ ಅಲ್ಲ, ಅವರ ಬೀಗರೂ ಬಂದು ಒಯ್ಯುತ್ತಿದ್ದರು. ನಾನೊಮ್ಮೆ ಕೂಗಾಡಿದೆ. "ಮ್ಯೂಜಿಯಂ ಅಂದ್ರ ಮುಟ್ಟಬಾರದು ಮಾವ. ಎಲ್ಲಾನೂ ಗೋಡಿಗೆ ಮೊಳಿ ಹೊಡದು ಕಟ್ಟಿಬಿಡೋಣ."

ಮಾವ ಎಲೆ ಅಡಿಕೆ ಜಗಿಯುತ್ತಾ ಕೇಳಿದರು. "ನೀನು ಪುಸ್ತಕಕ್ಕ ಮೊಳಿ ಹೊಡದೀಯೇನು?"

"ಪುಸ್ತಕ ಓದಾಕ ಕೊಡ್ತೀನಿ."

"ನಾನು ಕೂರಿಗಿ ಬಿತ್ತಾಕ ಕೊಡ್ತೀನಿ."

"ಹಂಗಾದ್ರ ನಿಮ್ಮ ಏಣಿ ಯಾಕ ಕೊಡಂಗಿಲ್ಲ?" ಅಂದೆ. ಮಾವ ಎದ್ದು ಉಗುಳಲು ಹೊರಗೆ ಹೋದರು, ಅರ್ಧ ಗಂಟೆಯಾದರೂ ಒಳಗೆ ಬರಲಿಲ್ಲ.

ಎರಡು ಸಾವಿರದ ಒಂದಕ್ಕೆ ಮೂರು ವರ್ಷದ ಗಡುವು ಮುಗಿಯಿತು. ಗೋದಾಮನ್ನು ಗೊಬ್ಬರದ ಮಳಿಗೆಗೆ ಕೇಳುವವರು ಬೇರೆ ಇದ್ದರು. ಸಹಕಾರ ಇಲಾಖೆಯ ಮೇಲಿನವರು ಬಂದು ನೋಡಿ, ಸಂಗ್ರಹಾಲಯ ನಿಜವಾಗಿಯೂ ನಡೆಯುತ್ತಿದೆ ಎಂದು ಬರೆದರೆ ಉಳಿಯುತ್ತದೆ, ಇಲ್ಲದಿದ್ದರೆ ಖಾಲಿ ಮಾಡಬೇಕು. ಖಾಲಿ ಮಾಡಿದರೆ ಊರ ಮನೆಗಳ ನೂರಾ ಹನ್ನೆರಡು ಸಾಮಾನು ಮತ್ತೆ ಅಟ್ಟಕ್ಕೆ, ಅಟ್ಟದಿಂದ ಗುಜರಿಗೆ. ಮಾವನಿಗೆ ಆ ಒಂದು ತಿಂಗಳು ಊಟ ಸೇರಲಿಲ್ಲ. ಬೈಯುವುದಕ್ಕೂ ಮನಸ್ಸು ಬಾರದಷ್ಟು ಸೊರಗಿದ್ದರು.

ತಪಾಸಣೆ ಜೂನ್ ಕೊನೆಯ ವಾರ ಎಂದು ಪತ್ರ ಬಂದಿತ್ತು. ಸಾಹೇಬರು ಬಂದದ್ದು ಎರಡನೇ ವಾರ. ಬೇರೆ ಯಾವುದೋ ಕೆಲಸಕ್ಕೆ ಕೂಡ್ಲಿಗಿಗೆ ಬಂದಿದ್ದರಂತೆ, ಹಾಗೇ ಇದನ್ನೂ ಮುಗಿಸೋಣ ಎಂದು ಜೀಪು ತಿರುಗಿಸಿದರು. ಎರಡು ದಿನ ಹದವಾದ ಮಳೆ ಬಿದ್ದು ಊರಿಗೆ ಊರೇ ಹೊಲದಲ್ಲಿದ್ದ ದಿನ ಅದು. ಅರುಣಕುಮಾರ್ ಅಂತ ಸಾಹೇಬರ ಹೆಸರು. ಸಣ್ಣ ವಯಸ್ಸು, ಮೆತ್ತಗೆ ಮಾತು. ಗೋದಾಮಿನ ನಡುವೆ ನಿಂತು ಎಣಿಸಿದರು. ನನ್ನ ಪಟ್ಟಿಯಲ್ಲಿ ನೂರಾ ಹನ್ನೆರಡು. ಕಣ್ಣೆದುರಿಗೆ ನಲವತ್ತೊಂದು. ಉಳಿದ ಜಾಗದಲ್ಲಿ ಗೋಡೆಗೆ ನನ್ನ ಚೀಟಿಗಳು ಮಾತ್ರ ಅಂಟಿಕೊಂಡಿದ್ದವು.

"ಬಾಕಿ ಎಲ್ಲಾ ಕಳೆದುಹೋಗಿದೆಯಾ?" ಅಂದರು.

ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತ್ತು. ಮಾವ ಮಾತ್ರ ಸಮಾಧಾನವಾಗಿ ಹೇಳಿದರು. "ಕಳದಿಲ್ರಿ ಸಾಹೇಬ್ರ. ಕೆಲಸಕ್ಕ ಹೋಗ್ಯಾವ. ಬರ್ರಿ, ತೋರಸ್ತೀನಿ."

ಜೀಪಿನಲ್ಲಿ ಸಾಹೇಬರ ಪಕ್ಕ ಮಾವ, ಹಿಂದೆ ಪಟ್ಟಿ ಹಿಡಿದು ನಾನು. ಮೊದಲು ಅಜ್ಜಯ್ಯನ ಹೊಲ. ಎಂಬತ್ತು ವರ್ಷದ ಕೂರಿಗೆ ಕೆಂಪು ಮಣ್ಣಿನಲ್ಲಿ ಸಾಲು ಹಿಡಿದು ಹೋಗುತ್ತಿತ್ತು, ಅಜ್ಜಯ್ಯನ ಹೆಂಡತಿ ಅದರ ಬಟ್ಟಲಿಗೆ ಬೀಜ ಬಿಡುತ್ತಿದ್ದಳು. ನಾನು "ನಂಬರ್ ಹದಿನೇಳು" ಅಂದೆ. ಸಾಹೇಬರು ಗುರುತು ಹಾಕಿದರು. "ನಿಲ್ಲಿಸ್ರಿ ಸ್ವಲ್ಪ, ನೋಡ್ತೀನಿ" ಅಂದರು. ಅಜ್ಜಯ್ಯ ಎತ್ತು ನಿಲ್ಲಿಸದೆಯೇ ಕೂಗಿದ. "ಹದ ಆರತೈತ್ರಿ, ನೀವೇ ಜೊತಿಗೆ ನಡೀರಿ!" ಸಾಹೇಬರು ಬೂಟು ಕೈಯಲ್ಲಿ ಹಿಡಿದು ಎರಡು ಸಾಲು ನಡೆದರು. ಅಲ್ಲಿಂದ ಬೀಗರೂಟ ನಡೆದಿದ್ದ ಮನೆಯೊಂದರ ಹಿತ್ತಿಲಲ್ಲಿ ಹಂಡೆ, ನಂಬರ್ ನಾಲ್ಕು. ಮಾಳಿಗೆ ಸೋರುತ್ತಿದ್ದ ಮನೆಯೊಂದರಲ್ಲಿ ನೀರು ಹಿಡಿಯಲು ಇಟ್ಟ ಕೊಪ್ಪರಿಗೆ, ನಂಬರ್ ಐವತ್ತೆರಡು. ಇದಕ್ಕೆ ನನಗೆ ನಾಚಿಕೆಯಾಯಿತು, ಸಾಹೇಬರು ನಕ್ಕರು.

ಹೀಗೇ ಹೊಲ, ಓಣಿ ಎಲ್ಲ ಸುತ್ತಿ ಕೊನೆಗೆ ಗಾಳೆಮ್ಮನ ಮನೆ. ಅವತ್ತು ಅವಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಹೆಂಗಸರು ಜೋಗುಳ ಹಾಡುತ್ತಿದ್ದರು. ತೊಟ್ಟಿಲ ಕಾಲಿಗೆ ನಾನು ಅಂಟಿಸಿದ್ದ ಚೀಟಿಗೂ ಅರಿಶಿನ ಕುಂಕುಮ ಹಚ್ಚಿದ್ದರು. ನಂಬರ್ ಒಂಬತ್ತು ಎಂದು ಓದಲು ಬಗ್ಗಿದ ಸಾಹೇಬರ ಕೈಗೆ ಗಾಳೆಮ್ಮ ತೊಟ್ಟಿಲ ಹಗ್ಗ ಕೊಟ್ಟಳು. "ಬಂದೋರು ಸುಮ್ನ ನಿಲ್ಲಬಾರದ್ರಿ, ತೂಗ್ರಿ." ಸಾಹೇಬರು ತೂಗಿದರು. ಆಮೇಲೆ ಎಲ್ಲರೊಡನೆ ಪಂಕ್ತಿಯಲ್ಲಿ ಕೂತು ಗೋಧಿ ಹುಗ್ಗಿ ಎರಡು ಸಲ ಹಾಕಿಸಿಕೊಂಡರು.

ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಕಾಗದ ತೆಗೆದರು. "ನಡೀತಾ ಇದೆ ಅಂತಲೇ ಬರೀತೀನಿ. ಒಯ್ದದ್ದು, ತಂದದ್ದು ಬರೆಯೋದಕ್ಕೆ ಒಂದು ಪುಸ್ತಕ ಇಡಿ, ಅಷ್ಟು ಸಾಕು." ನನಗೆ ಹೋದ ಜೀವ ಬಂದಂತಾಯಿತು. ಅವರು ನಿಯಮದ ಹಾಳೆ ಓದಿದರು, ಪಟ್ಟಿ ತಿರುವಿದರು, ಮತ್ತೆ ಮೊದಲಿನಿಂದ ತಿರುವಿದರು. "ನಡೆಸುವವರು ಇಲ್ಲಿ ಸಹಿ ಮಾಡಬೇಕು, ಗೋದಾಮಿನ ಕಾಗದ ಇರೋದು ನಿಮ್ಮ ಹೆಸರಿಗೆ. ಯಜಮಾನರೇ, ಸದಸ್ಯರಷ್ಟೇ ನಡೆಸಬೇಕು ಅಂತ ನೀವೇ ಬರೆಸಿದ್ದೀರಿ. ಪಟ್ಟಿಯಲ್ಲಿ ನಿಮ್ಮ ಮನೆ ಎಲ್ಲಿದೆ?"

ಇರಲಿಲ್ಲ. ಅಜ್ಜಯ್ಯನ ಸೇರನ್ನು ಬಿಡಿಸಿಕೊಂಡು ತಂದವರು ಅದನ್ನು ಅಜ್ಜಯ್ಯನ ಹೆಸರಿಗೇ ಬರೆಸಿದ್ದರು. ಊರ ಮನೆಗಳನ್ನೆಲ್ಲ ತಿರುಗಿದ ಮನುಷ್ಯ ತನ್ನ ಮನೆಯಲ್ಲಿ ಮಾತ್ರ ಏನನ್ನೂ ಕೇಳಿರಲಿಲ್ಲ.

"ನಿಯಮ ಬದಲಾಯಿಸಿಬಿಡೋಣ ಮಾವ, ಎರಡು ನಿಮಿಷ" ಅಂದೆ.

"ಸಾಮಾನು ಕೊಟ್ಟ ಅಷ್ಟೂ ಮನಿಯೋರು ಒಪ್ಪಿದ ಮಾತು. ನನಗ ಅಂತ ತಿದ್ದಾಕ ಬರಂಗಿಲ್ಲ."

ಜೋಗುಳ ಹಾಡಲು ಬಂದಿದ್ದ ನಾಗಲಿಂಗಮ್ಮತ್ತೆ ಸೊಂಟದ ಚೀಲದಿಂದ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿ ತೆಗೆದು ಮುಂದಿಟ್ಟರು. "ಇದನ್ನ ಬರಕೊಳ್ರಿ. ನಮ್ಮತ್ತೀದು, ಹಳೇದೇ ಐತಿ."

ಮಾವನ ಮುಖ ಅರಳಿತು. ಅಷ್ಟರಲ್ಲಿ ಗಾಳೆಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲಿಗೆ ಬಂದಳು. "ಅಣ್ಣಾ, ನನ್ನ ತೊಟ್ಲ ಕೇಳಾಕ ಬಂದಾಗ ಏನಂದಿದ್ದಿ? ಬೇಕಾದ್ದು ಕೊಡ್ರಿ, ಬ್ಯಾಡಾದ್ದು ಗುಜರಿಯವನೂ ಒಯ್ತಾನ ಅಂದಿದ್ದಿಲ್ಲೇನು? ನಿನಗ ಕುಟ್ಟಾಣಿ ಯಾತಕ್ಕ ಬೇಕು, ಹಲ್ಲು ಗಟ್ಟಿ ಅದಾವಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದರು. ಮಾವ ನಗಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು. ಮಾವ ಟವೆಲ್ಲು ಕೊಡವಿ ಎದ್ದು ಮನೆಯ ಕಡೆ ನಡೆದರು. ಸಿಟ್ಟಾದರೇನೋ, ಇಷ್ಟಕ್ಕೇ ಎಲ್ಲ ಮುಗಿಯಿತೇನೋ ಎಂದು ನಾನು ನಿಜವಾಗಿ ಹೆದರಿದೆ. ಕಾಲು ಗಂಟೆಯ ಮೇಲೆ ಓಣಿಯ ತಿರುವಿನಲ್ಲಿ ಮೊದಲು ಏಣಿಯ ತುದಿ ಕಾಣಿಸಿತು, ಆಮೇಲೆ ಅದನ್ನು ಹೆಗಲ ಮೇಲೆ ಹೊತ್ತ ಮಾವ. ಅದನ್ನು ಕಟ್ಟೆಗೆ ಒರಗಿಸಿ, ನನ್ನ ಕಡೆ ನೋಡದೆ ಹೇಳಿದರು. "ನೂರಾ ಹದಿಮೂರು. ಬರಕೋ. ಈ ಏಣಿ ಲೈನ್‌ಮನ್ ಹಾಲೇಶಪ್ಪನ ಮನೆಯದು. ಈ ಊರಿನ ಎಲ್ಲಾ ಮನಿಗೂ ಮೊದಲ್ನೇ ಬಲ್ಬು ಇದರ ಮ್ಯಾಲೆ ನಿಂತು ಹಾಕಿದ್ದು." ಏಣಿಯ ಮೇಲೆ ಕೈಯಿಟ್ಟು ಸೇರಿಸಿದರು. "ಸರಕಾರದ್ದಲ್ಲ ಅಂತಾನೂ ಬರಿ."

ಸಹಿ ಬಿತ್ತು.

ಮರುದಿನ ಬೆಳಗ್ಗೆ ಗೋದಾಮಿನ ಬಾಗಿಲು ತೆಗೆಯುವುದಕ್ಕೂ ಗಾಳೆಮ್ಮ ಬರುವುದಕ್ಕೂ ಸರಿಹೋಯಿತು. ಮಾಳಿಗೆ ಸೋರುತ್ತಿದೆ, ಮೇಲೆ ಮಣ್ಣು ಹಾಕಬೇಕು, ಏಣಿ ಬೇಕು. ಹೊಸ ಪುಸ್ತಕದ ಮೊದಲ ಸಾಲಿನಲ್ಲಿ ಅವಳ ಹೆಬ್ಬೆಟ್ಟು ಒತ್ತಿಸಿದೆ. ಮಾವ ಅವತ್ತಿಡೀ ದಿನ ಗೋದಾಮಿನ ಮೆಟ್ಟಿಲ ಮೇಲೆ ಓಣಿಗೆ ಮುಖ ಮಾಡಿ ಕೂತಿದ್ದರು. ಊಟಕ್ಕೂ ಏಳಲಿಲ್ಲ, ಅತ್ತೆ ರೊಟ್ಟಿಯನ್ನು ಅಲ್ಲಿಗೇ ತಂದುಕೊಟ್ಟರು. ಸಂಜೆ ಏಣಿ ಬಂತು. ಕೆಳಗಿನ ಎರಡು ಮೆಟ್ಟಿಲಿಗೆ ಮಣ್ಣು ಮೆತ್ತಿತ್ತು. ಮಾವ ಹೆಗಲ ಟವೆಲ್ಲಿನಿಂದ ಒಂದೊಂದೇ ಮೆಟ್ಟಿಲು ಒರೆಸಿದರು.

"ಶೈಲಮ್ಮ, ಕೊಟ್ಟೋರಿಗೆ ಇಷ್ಟು ಸಂಕಟ ಆಗತೈತಿ ಅಂತ ಗೊತ್ತಿದ್ರ, ನಾನು ಅಷ್ಟು ಮನಿಗೆ ಹೋಗಿ ಕೇಳತಿದ್ನೇನವಾ?" ಅಂದರು. ಟವೆಲ್ಲಿನ ಮಣ್ಣು ಕೊಡವುತ್ತಾ ಅವರೇ, "ಕೇಳತಿದ್ದೆ ಬಿಡು. ಆದ್ರ ಇನ್ನಷ್ಟು ಮೆತ್ತಗ ಕೇಳತಿದ್ದೆ" ಅಂದರು.

ಮಾತು ಮುಗಿಯುವುದರೊಳಗೆ ಅಜ್ಜಯ್ಯ ಬಂದ. ಅವನ ಮಾಳಿಗೆಯೂ ಸೋರುತ್ತಿತ್ತಂತೆ. ಏಣಿಯ ಕಡೆ ಒಂದು ಕಣ್ಣು, ಮಾವನ ಕಡೆ ಒಂದು ಕಣ್ಣು ಇಟ್ಟುಕೊಂಡು ನಿಂತಿದ್ದ. ಮಾವ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ಪುಸ್ತಕದಾಗ ಬರಸಿ ಒಯ್ಯಿ" ಅಂದರು.